ಪ್ರಾಣಿ ಕೊನೆಗೆ ಬರಲಿ: ವಿದೇಶಿ ಪ್ರಾಣಿಗಳ ಜೊತೆ ವನ್ಯಜೀವಿ ಶಿಕ್ಷಣದ ಕೆಲಸ ಕಟ್ಟಿಕೊಳ್ಳುವುದು ಹೇಗೆ

ನನಗೆ ಆಗಾಗ ಇಂಥ ಮೆಸೇಜ್ ಬರುತ್ತದೆ. "ಸರ್, ಒಂದು ಇಗ್ವಾನಾ ತಗೊಂಡಿದೀನಿ, ಬಾಲ್ ಪೈಥಾನ್ ಕೂಡ ತರಿಸೋಕೆ ಹೇಳಿದೀನಿ. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಹೇಳಿಕೊಡೋ ಕೆಲಸ ಮಾಡಬೇಕು. ಎಲ್ಲಿಂದ ಶುರು ಮಾಡ್ಲಿ?"

ಇಗ್ವಾನಾ ಅಂದರೆ ಅಮೆರಿಕ ಖಂಡದ ದೊಡ್ಡ ಹಲ್ಲಿ ಜಾತಿ, ಬಾಲ್ ಪೈಥಾನ್ ಆಫ್ರಿಕದ ಹೆಬ್ಬಾವು. ಆಸೆ ನಿಜವಾದದ್ದೇ. ಆದರೆ ಹಿಡಿದ ತುದಿ ತಪ್ಪು. ಈ ಕೆಲಸದಲ್ಲಿ ಪ್ರಾಣಿ ಎಲ್ಲಕ್ಕಿಂತ ಕೊನೆಗೆ ಬರಬೇಕು. ಮೊದಲು ಮಾತು ಬರಬೇಕು, ಆಮೇಲೆ ಕೈ ಪಳಗಬೇಕು, ಅದಾದ ಮೇಲೆ ಕಾಗದಪತ್ರ. ಇಷ್ಟೂ ಆದಮೇಲೆ ಬೇಕಿದ್ದರೆ ಪ್ರಾಣಿ. ಬೇಕಿದ್ದರೆ ಅಂತ ಯಾಕೆ ಹೇಳಿದೆ ಅಂದರೆ, ಒಂದು ಪ್ರಾಣಿಯನ್ನೂ ಸಾಕದೆ ಇದೇ ಕೆಲಸದಲ್ಲಿ ಚೆನ್ನಾಗಿ ಬದುಕುತ್ತಿರುವವರು ಇದ್ದಾರೆ.

ಮೊದಲು ಮಾತು

ಐದನೇ ಕ್ಲಾಸಿನ 50 ಮಕ್ಕಳನ್ನು ಕೂರಿಸಿಕೊಂಡು, ಕೈಯಲ್ಲಿ ಏನೂ ಇಲ್ಲದೆ 40 ನಿಮಿಷ ಮಾತಾಡಲು ನಿಮಗೆ ಬರುತ್ತದಾ? ಬಾರದಿದ್ದರೆ ಹೆಗಲ ಮೇಲೆ ಹಾವು ಹಾಕಿಕೊಂಡರೂ ಬರುವುದಿಲ್ಲ. ಮಕ್ಕಳು ಹಾವನ್ನು ನೋಡುತ್ತಾರೆ, ಕಿರುಚುತ್ತಾರೆ, ಮನೆಗೆ ಹೋಗುತ್ತಾರೆ. ನೀವು ಹೇಳಿದ್ದು ಯಾವುದೂ ಕಿವಿಗೆ ಬಿದ್ದಿರುವುದಿಲ್ಲ.

ನಿಮ್ಮೂರಿನ ಸರ್ಕಾರಿ ಶಾಲೆಗೆ ಹೋಗಿ. ಹೆಡ್‌ಮಾಸ್ಟರ್ ಹತ್ತಿರ ಶನಿವಾರದ ಒಂದು ಪಿರಿಯಡ್ ಕೇಳಿ. ಶುರು ಮಾಡುವುದಕ್ಕೆ ಗೋಡೆ ಮೇಲಿನ ಹಲ್ಲಿ ಸಾಕು. "ಹಲ್ಲಿ ಲೊಚಗುಟ್ಟಿದರೆ ಹೇಳಿದ್ದು ಸತ್ಯ ಅಂತ ಅಜ್ಜಿ ಹೇಳ್ತಾರೆ, ಅಲ್ವಾ? ಅದು ನಿಜವಾಗಿ ಯಾರ ಜೊತೆ ಮಾತಾಡ್ತಿದೆ?" ಅಂತ ಕೇಳಿ ನೋಡಿ, ಇಡೀ ಕ್ಲಾಸು ಎದ್ದು ಕೂರುತ್ತದೆ. ಇನ್ನೊಂದು ಹಲ್ಲಿಗೆ 'ಇದು ನನ್ನ ಜಾಗ' ಅಂತ ಹೇಳುವ ದನಿ ಅದು ಅಂತ ನೀವು ಹೇಳುವ ಹೊತ್ತಿಗೆ ಅರ್ಧ ಮಕ್ಕಳು ಅದನ್ನು ತಾವೇ ಊಹಿಸಿರುತ್ತಾರೆ. ಆ ಊಹೆ ಹೊರಗೆ ಬರುವ ಹಾಗೆ ಮಾಡುವುದೇ ನಿಮ್ಮ ಕೆಲಸ.

ಮನೆಯ ನಂಬಿಕೆಯನ್ನು ಹೊಡೆದು ಹಾಕಲು ಮಾತ್ರ ಹೋಗಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಶುರುವಿನ ದಿನಗಳಲ್ಲಿ, ನಾಗರಪಂಚಮಿಯ ಮಾರನೇ ದಿನವೇ ಒಂದು ಶಾಲೆಯಲ್ಲಿ ನಿಂತು ಹಾವು ಹಾಲು ಕುಡಿಯೋದಿಲ್ಲ, ಅದೆಲ್ಲ ಮೂಢನಂಬಿಕೆ ಅಂತ ಜೋರಾಗಿ ಹೇಳಿದೆ. ಮುಂದಿನ ಸಾಲಿನ ಒಂದು ಹುಡುಗಿ ತಲೆ ತಗ್ಗಿಸಿದಳು. ಹಿಂದಿನ ದಿನ ಅವಳು ಅಮ್ಮನ ಜೊತೆ ಹೋಗಿ ಹುತ್ತಕ್ಕೆ ಹಾಲೆರೆದು ಬಂದಿದ್ದಳು. ಆ ಪಿರಿಯಡ್ ಮುಗಿಯುವವರೆಗೂ ಅವಳು ಒಂದು ಮಾತೂ ಆಡಲಿಲ್ಲ. ಈಗ ನಾನು ಬೇರೆ ಕಡೆಯಿಂದ ಹೊರಡುತ್ತೇನೆ. ಹುತ್ತ ಕಟ್ಟಿದ್ದು ಯಾರು? ಗೆದ್ದಲು. ಹಾಗಾದರೆ ಹಾವು ಅಲ್ಲಿಗೆ ಯಾಕೆ ಬರುತ್ತದೆ? ತಂಪಿಗೆ, ಇಲಿಗೆ. ಅದು ಹಾಲು ಕುಡಿಯುವ ಪ್ರಾಣಿಯಲ್ಲ, ಆದರೆ ಹಾವನ್ನು ಕಂಡು ಕೈಮುಗಿದು ಹಾಗೇ ಬಿಡುವ ನಿಮ್ಮ ಅಮ್ಮನ ಮನಸ್ಸು ದೊಡ್ಡದು. ಇಷ್ಟು ಹೇಳಿದರೆ ಮಗು ಮನೆಗೆ ಹೋಗಿ ಜಗಳ ಆಡುವುದಿಲ್ಲ, ಅಮ್ಮನಿಗೆ ಗೆದ್ದಲಿನ ಕಥೆ ಹೇಳುತ್ತದೆ.

ನಮ್ಮಲ್ಲಿ ಈ ಮಾತಿಗೆ ಜೀವ ಉಳಿಸುವ ಶಕ್ತಿಯೂ ಇದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು ಇದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಘೋಷಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಒಂದೇ. ಹಾಗಾಗಿ ಕಚ್ಚಿದ ಹಾವನ್ನು ಹುಡುಕಿ ಹೊಡೆದು ತರುವ ಅಗತ್ಯ ಇಲ್ಲ. ಕುಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಚ್ಚಿದ ಕಡೆ ಅಲ್ಲಾಡದ ಹಾಗೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ, ರಾತ್ರಿ ಹೊಲಕ್ಕೆ ಹೋದರೆ ಟಾರ್ಚು ಇರಲಿ. ಇಷ್ಟನ್ನು ಹತ್ತು ವರ್ಷದ ಮಗುವಿನ ತಲೆಯಲ್ಲಿ ಕೂರಿಸಲು ಒಂದು ಹಾವೂ ಬೇಕಿಲ್ಲ.

ಕೈ ಪಳಗುವುದು

ಇದಕ್ಕೆ ಎರಡು ಮೂರು ವರ್ಷ ಇಟ್ಟುಕೊಳ್ಳಿ. ಯೂಟ್ಯೂಬ್ ನೋಡಿ ಪ್ರಾಣಿ ಹಿಡಿಯಲು ಕಲಿತವರನ್ನು ನಾನು ಕಂಡಿದ್ದೇನೆ. ಅವರಿಗೆ ಹಿಡಿಯಲು ಬರುತ್ತದೆ, ಬಿಡಬೇಕಾದ್ದು ಯಾವಾಗ ಅನ್ನುವುದು ಗೊತ್ತಾಗುವುದಿಲ್ಲ.

ಮೈಸೂರು ಝೂ ಶುರುವಾದದ್ದು 1892ರಲ್ಲಿ, ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಮಕ್ಕಳಿಗೆ, ಕಾಲೇಜು ಹುಡುಗರಿಗೆ ಅಲ್ಲಿ ಯೂತ್ ಕ್ಲಬ್ ಮತ್ತು ಬೇಸಿಗೆ ಶಿಬಿರ ನಡೆಸುತ್ತಾರೆ. ಈ ಊರಿಗೂ ನಮ್ಮ ಕೆಲಸಕ್ಕೂ ಹಳೇ ನಂಟು ಇದೆ. ಸ್ಯಾಲಿ ವಾಕರ್ ಎಂಬ ಅಮೆರಿಕದ ಹೆಂಗಸು ಮೈಸೂರಿಗೆ ಯೋಗ ಕಲಿಯಲು ಬಂದವರು, ಝೂಗೆ ಹೋಗಿ ಹೋಗಿ ಅಲ್ಲಿನ ಪ್ರಾಣಿಗಳಿಗೆ ಮನಸೋತರು. 1980ರ ದಶಕದ ಮೊದಲಲ್ಲಿ ಮೈಸೂರು ಮೃಗಾಲಯದ ಗೆಳೆಯರ ಬಳಗ ಕಟ್ಟಿದರು. ಆಮೇಲೆ ಅವರು ಕಟ್ಟಿದ ಝೂ ಔಟ್‌ರೀಚ್ ಸಂಸ್ಥೆ ಕೊಯಮತ್ತೂರಿಗೆ ಹೋಗಿ, ದೇಶದ ಎಷ್ಟೋ ಝೂಗಳ ಶಿಕ್ಷಣ ವಿಭಾಗದವರಿಗೆ ತರಬೇತಿ ಕೊಟ್ಟಿತು. ಅವರು ಜೀವಶಾಸ್ತ್ರ ಓದಿ ಬಂದವರೇನೂ ಅಲ್ಲ. ಡಿಗ್ರಿ ಇಲ್ಲ ಅಂತ ಹಿಂಜರಿಯುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ವಿದೇಶಿ ಪ್ರಾಣಿಗಳ ಅಭ್ಯಾಸ ಬೇಕಾದರೆ ಇಂಥ ಜಾಗಗಳೇ ಸರಿ. ಮೈಸೂರಿನಲ್ಲಿ ಜಿರಾಫೆ, ಚಿಂಪಾಂಜಿ, ಗೊರಿಲ್ಲಾ ಇವೆ. ಹಾವು ತಜ್ಞ ರಾಮುಲಸ್ ವಿಟೇಕರ್ 1976ರಲ್ಲಿ ಚೆನ್ನೈ ಹತ್ತಿರ ಶುರು ಮಾಡಿದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್‌ನಲ್ಲಿ ಬೇರೆ ಬೇರೆ ದೇಶದ ಮೊಸಳೆ, ಆಮೆಗಳನ್ನು ನೋಡಬಹುದು, ಸ್ವಯಂಸೇವಕರಾಗಿ ಸೇರಲು ಅರ್ಜಿಯನ್ನೂ ಹಾಕಬಹುದು. ಬನ್ನೇರುಘಟ್ಟ, ಮಂಗಳೂರಿನ ಪಿಲಿಕುಳ, ಶಿವಮೊಗ್ಗದ ತ್ಯಾವರೆಕೊಪ್ಪ, ಗದಗ, ಹಂಪಿ, ಬೆಳಗಾವಿಯ ಭೂತರಾಮನಹಟ್ಟಿ, ನಿಮ್ಮ ಮನೆಗೆ ಯಾವುದು ಹತ್ತಿರವೋ ಅಲ್ಲಿಗೆ ಪತ್ರ ಬರೆಯಿರಿ. ಒಂದು ಪತ್ರಕ್ಕೆ ಉತ್ತರ ಬಾರದಿದ್ದರೆ ಖುದ್ದಾಗಿ ಹೋಗಿ.

ಸೇರಿದ ಮೇಲೆ ಪ್ರಾಣಿಪಾಲಕರ ಹಿಂದೆ ಬಿಡದೆ ತಿರುಗಿ. ಕೆಲವರು ಎಸ್ಸೆಸ್ಸೆಲ್ಸಿ ದಾಟದೇ ಇರಬಹುದು. ಆದರೆ ಆನೆ ಬೆಳಿಗ್ಗೆ ಹಾಕಿದ ಲದ್ದಿ ನೋಡಿ ಹೊಟ್ಟೆ ಸರಿ ಇದೆಯೋ ಇಲ್ಲವೋ ಹೇಳುತ್ತಾರೆ. ಮೊದಲ ಮೂರು ತಿಂಗಳು ನಿಮ್ಮ ಕೈಗೆ ಪೊರಕೆ, ಬಕೆಟ್ಟು ಬಿಟ್ಟು ಬೇರೇನೂ ಸಿಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಪ್ರಾಣಿ ಏನು ತಿಂದು ಏನು ಬಿಟ್ಟಿದೆ, ನಿನ್ನೆ ಮಲಗಿದ್ದ ಮೂಲೆಯಲ್ಲೇ ಇವತ್ತೂ ಯಾಕೆ ಮಲಗಿದೆ, ಇದೆಲ್ಲ ಕಸ ಗುಡಿಸುವಾಗಲೇ ಕಣ್ಣಿಗೆ ಬೀಳುವುದು. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾ ಬರೆಯಿರಿ. ನನ್ನ ಕ್ಲಾಸುಗಳಲ್ಲಿ ಇವತ್ತಿಗೂ ಹೇಳುವ ಒಳ್ಳೆಯ ಕಥೆಗಳೆಲ್ಲ ಆ ನೋಟ್‌ಬುಕ್ಕಿನವೇ.

ಓದಿನ ಬಗ್ಗೆ ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದಲ್ಲಿ ಎಂಎಸ್ಸಿ ಇದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೂ ಇದೆ, ಅಲ್ಲಿ ಎರಡು ವರ್ಷಕ್ಕೊಮ್ಮೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇದ್ದೇ ಇದೆ. ಪೊನ್ನಂಪೇಟೆ, ಶಿರಸಿಯಲ್ಲಿ ಅರಣ್ಯ ಕಾಲೇಜುಗಳಿವೆ. ಸಂಶೋಧನೆಗೆ ಹೋಗುವವರಿಗೆ ಇವು ಬೇಕೇ ಬೇಕು. ಶಿಕ್ಷಣದ ಕಡೆ ಬರುವವರಿಗೆ ಬಿಎಡ್ ಅಥವಾ ರಂಗಭೂಮಿಯ ಒಂದೆರಡು ವರ್ಷವೂ ಅಷ್ಟೇ ಉಪಯೋಗ ಅಂತ ನನ್ನ ಅಭಿಪ್ರಾಯ.

ಕಾಗದಪತ್ರ

ಇಲ್ಲಿ ನಿಧಾನವಾಗಿ ಓದಿ. ಇಲ್ಲಿ ಎಡವಿದರೆ ಕೆಲಸ ಹೋಗುವುದಷ್ಟೇ ಅಲ್ಲ, ಕೇಸೂ ಬೀಳುತ್ತದೆ.

ನಮ್ಮ ನೆಲದ ಕಾಡುಪ್ರಾಣಿಯನ್ನು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ತಡೆಯುತ್ತದೆ. ನಕ್ಷತ್ರ ಆಮೆ, ಪಂಜರದ ಹಸಿರು ಗಿಣಿ, ಉಡ, ಹೆಬ್ಬಾವು ಎಲ್ಲ ಇದರಲ್ಲಿ ಸೇರಿದವು. ಗಿಣಿಶಾಸ್ತ್ರದವರ ಹತ್ತಿರ ಇರುವ ಗಿಣಿಯೂ ಅಷ್ಟೇ. ಸತ್ತ ಪ್ರಾಣಿಯ ಉಗುರು, ಚರ್ಮ, ಹಲ್ಲನ್ನು ಮಕ್ಕಳಿಗೆ ತೋರಿಸಲು ಇಟ್ಟುಕೊಂಡೆ ಅಂದರೂ ನಡೆಯುವುದಿಲ್ಲ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ವಿಷಯ ನಮ್ಮ ರಾಜ್ಯದಲ್ಲಿ ಎಷ್ಟು ದೊಡ್ಡದಾಯಿತು, ನೆನಪಿದೆ ಅಲ್ವಾ? ಅಜ್ಜನ ಕಾಲದ್ದು ಅನ್ನುವ ಉತ್ತರ ಸಾಲುವುದಿಲ್ಲ. ಮಣ್ಣಿನಲ್ಲಿ, ಪ್ಲಾಸ್ಟರಿನಲ್ಲಿ ಮಾಡಿದ ಮಾದರಿ ಬಳಸಿ.

ವಿದೇಶಿ ಪ್ರಾಣಿಗಳ ಕಥೆ ಬೇರೆ. ಬಹಳ ವರ್ಷ ಅವನ್ನು ಸಾಕುವುದು ವನ್ಯಜೀವಿ ಕಾಯ್ದೆಯ ಕಣ್ಣಿಗೇ ಬಿದ್ದಿರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಇಟ್ಟುಕೊಂಡವರು ತಾವಾಗಿ ಘೋಷಿಸಿ ಎಂದು ಸೂಚನೆ ಕೊಟ್ಟಿತು. ಆಮೇಲೆ ಕಾಯ್ದೆಗೇ 2022ರಲ್ಲಿ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಸೈಟಿಸ್ ಅನ್ನುವ, ಕಾಡುಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ಈಗ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿವೆ. ಬಾಲ್ ಪೈಥಾನ್, ಇಗ್ವಾನಾ, ಮಕಾವ್, ಆಫ್ರಿಕನ್ ಗ್ರೇ ಗಿಣಿ, ಸುಲ್ಕಾಟಾ ಆಮೆ ಎಲ್ಲ ಅದರಲ್ಲಿ ಬರುತ್ತವೆ. ಇಂಥದ್ದನ್ನು ಇಟ್ಟುಕೊಂಡಿರುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಗಿಣಿ ಜಾತಿಯ ಚಿಕ್ಕ ಹಕ್ಕಿಗಳಾದ ಬಜರಿಗರ್, ಕಾಕಟೀಲ್ ಇವೆರಡು ಸೈಟಿಸ್ ಪಟ್ಟಿಯಲ್ಲಿ ಇಲ್ಲ. ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಅಂತ ಕರೆಯುವುದು ಬಹುಪಾಲು ಬಜರಿಗರ್ ಹಕ್ಕಿಯನ್ನೇ.

"ಪೇಪರ್ ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವ ಮಾರಾಟಗಾರನ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ಆ ಪ್ರಾಣಿ ಎಲ್ಲಿಂದ ಬಂದಿರಬಹುದು ಗೊತ್ತಾ? ಬ್ಯಾಂಕಾಕಿನಿಂದ ಬಂದ ಸೂಟ್‌ಕೇಸುಗಳಲ್ಲಿ ಹಾವು, ಆಮೆ, ಇಗ್ವಾನಾಗಳನ್ನು ತುಂಬಿದ್ದನ್ನು ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಮತ್ತೆ ಮತ್ತೆ ಹಿಡಿದಿದ್ದಾರೆ. 2023ರಲ್ಲಿ ಸಿಕ್ಕ ಒಂದು ಪೆಟ್ಟಿಗೆಯಲ್ಲಿ ಕಾಂಗರೂ ಮರಿ ಸತ್ತು ಬಿದ್ದಿತ್ತು. ಅಂಥ ಪ್ರಾಣಿಯನ್ನು ತಂದು ಮಕ್ಕಳ ಮುಂದೆ ನಿಲ್ಲಿಸಿ ಸಂರಕ್ಷಣೆ ಅಂತ ಮಾತಾಡಲು ನನ್ನಿಂದ ಆಗುವುದಿಲ್ಲ, ನಿಮ್ಮಿಂದಲೂ ಆಗಬಾರದು.

ಇನ್ನು ಪ್ರದರ್ಶನ. ಒಂದೇ ಕಡೆ ಇದ್ದರೂ, ಊರೂರು ಸುತ್ತಿದರೂ ಝೂ ಝೂನೇ ಅಂತ ಕಾಯ್ದೆಯ ವ್ಯಾಖ್ಯಾನ ಹೇಳುತ್ತದೆ, ಝೂ ನಡೆಸಲು ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಟಿಕೆಟ್ ಇಟ್ಟು ಪ್ರಾಣಿ ತೋರಿಸುವುದು ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೂ ಬರುತ್ತದೆ, ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇರೆ. ಆದ್ದರಿಂದ ಹಣ ತಗೊಂಡು ಪ್ರಾಣಿಯನ್ನು ಮನೆಯಿಂದ ಹೊರಗೆ ಒಯ್ಯುವ ಮೊದಲು, ಏನು ಮಾಡಬೇಕೆಂದಿದ್ದೀರಿ ಅನ್ನುವುದನ್ನು ಪೂರ್ತಿ ಬರೆದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಡಿ, ಲಿಖಿತ ಉತ್ತರ ಬರುವವರೆಗೆ ಕಾಯಿರಿ. ಮಾನ್ಯತೆ ಇರುವ ಸಂಸ್ಥೆಯ ಒಳಗೇ ಕೆಲಸ ಮಾಡಿದರೆ ಈ ತಲೆನೋವು ಅರ್ಧ ಕಡಿಮೆ. ಹೊಸಬರಿಗೆ ನಾನು ಹೇಳುವುದು ಅದೇ ದಾರಿ.

ಈಗ ಪ್ರಾಣಿ

ನನ್ನ ಹತ್ತಿರ ಈಗ ಎರಡು ಇವೆ. ಒಂದು ಬಾಲ್ ಪೈಥಾನ್, ಒಂದು ಸುಲ್ಕಾಟಾ. ಎರಡೂ ಬೇರೆಯವರು ಆಸೆಪಟ್ಟು ತಂದು ಸಾಕಲಾಗದೆ ಬಿಟ್ಟುಕೊಟ್ಟವು, ಎರಡಕ್ಕೂ ನೋಂದಣಿ ಇದೆ. ಅವನ್ನು ನಾನು ಶಾಲೆಗೆ ಒಯ್ಯುವುದಿಲ್ಲ. ಒಂದು ದಿನ ನಡೆದ ಘಟನೆ ಅದಕ್ಕೆ ಕಾರಣ.

ಆಗ ನಾನು ಬೇರೊಬ್ಬರ ಜೊತೆ ಕೆಲಸ ಮಾಡುತ್ತಿದ್ದೆ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಇಗ್ವಾನಾ ಒಯ್ದೆವು. ವೇದಿಕೆ ಪಕ್ಕದಲ್ಲೇ ಡೊಳ್ಳು. ಸ್ಪೀಕರು ಬೇರೆ. ಇಗ್ವಾನಾ ಮೈಬಣ್ಣ ಕಪ್ಪಾಗಿ, ಗಂಟಲ ಚೀಲ ಕೆಳಗಿಳಿಸಿ ನಿಂತಿತ್ತು. ಅದು ಹೆದರಿದೆ ಅಂತ ನನಗೆ ಗೊತ್ತಾಯಿತು, ಆದರೂ ವಾಪಸ್ ಒಯ್ಯೋಣ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಒಬ್ಬ ಹುಡುಗ ಮೇಲಿನಿಂದ ಕೈ ಚಾಚಿದ. ಇಗ್ವಾನಾದ ನೆತ್ತಿಯ ಮೇಲೆ ಬೆಳಕು ನೆರಳು ಗುರುತಿಸುವ ಒಂದು ಚಿಕ್ಕ ಮೂರನೇ ಕಣ್ಣು ಇರುತ್ತದೆ, ಮೇಲಿನಿಂದ ಬಿದ್ದ ನೆರಳು ಅಂದರೆ ಅದಕ್ಕೆ ಹದ್ದು. ಬಾಲ ಬೀಸಿತು. ಹುಡುಗನ ಕೆನ್ನೆ ಸೀಳಿ ರಕ್ತ ಬಂತು. ಪುಣ್ಯಕ್ಕೆ ಕಣ್ಣಿಗೆ ಬೀಳಲಿಲ್ಲ. ಇಗ್ವಾನಾ ಆಮೇಲೆ ಒಂಬತ್ತು ದಿನ ಏನೂ ತಿನ್ನಲಿಲ್ಲ. ಆ ಹುಡುಗನ ಅಪ್ಪ ಅಮ್ಮನ ಮುಂದೆ ನಿಂತಿದ್ದು ನನಗೆ ಇನ್ನೂ ಮರೆತಿಲ್ಲ.

ಅದಾದ ಮೇಲೆ ನಾನು ಹಾಕಿಕೊಂಡ ಕಟ್ಟುಪಾಡು ಇಷ್ಟು. ಮಕ್ಕಳು ಪ್ರಾಣಿ ಇರುವ ಜಾಗಕ್ಕೆ ಬರುತ್ತಾರೆ, ಒಂದು ಸಲಕ್ಕೆ 15 ಜನ. ಪ್ರಾಣಿ ಹೊರಗೆ ಇರುವುದು ಹೆಚ್ಚೆಂದರೆ 15 ನಿಮಿಷ, ವಾರಕ್ಕೆ ಎರಡೇ ಸಲ. ಹಾವು ತಿಂದ ಮೇಲೆ ಎರಡು ದಿನ, ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿರುವಷ್ಟು ದಿನ ಅದನ್ನು ಮುಟ್ಟುವ ಹಾಗೇ ಇಲ್ಲ. ಪೆಟ್ಟಿಗೆ ಬಾಗಿಲು ತೆಗೆದಾಗ ಅದು ಹೊರಗೆ ಬಾರದಿದ್ದರೆ ಅವತ್ತಿನ ಕ್ಲಾಸು ಹಾವಿಲ್ಲದೆಯೇ ನಡೆಯುತ್ತದೆ. ಯಾಕೆ ಬರಲಿಲ್ಲ ಅನ್ನುವುದೇ ಪಾಠ. ಮಕ್ಕಳಿಗೆ ಅದು ಬಹಳ ಚೆನ್ನಾಗಿ ಅರ್ಥ ಆಗುತ್ತದೆ, ಅವರಿಗೂ ಕರೆದ ಕಡೆಗೆಲ್ಲ ಬರಲು ಇಷ್ಟ ಇರುವುದಿಲ್ಲವಲ್ಲ.

ಬಾಲ್ ಪೈಥಾನ್ ಹೆದರಿದಾಗ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಇಟ್ಟುಕೊಳ್ಳುತ್ತದೆ, ಹೆಸರು ಬಂದದ್ದೇ ಹಾಗೆ. ಎಷ್ಟು ಮುದ್ದಾಗಿದೆ ಅಂತ ಜನ ಫೋಟೋ ತೆಗೆಯುವುದೂ ಅದೇ ಹೊತ್ತಿಗೆ. ಪ್ರತಿ ಪ್ರಾಣಿಯ ಇಂಥ ಗುರುತು ನಿಮಗೆ ಬಾಯಿಪಾಠ ಇರಬೇಕು.

ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ಆಮೆ, ಹಲ್ಲಿ ಜಾತಿಯವು ನೋಡಲು ಆರೋಗ್ಯವಾಗಿದ್ದರೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ನೋಡಿದರೆ ಸಾಕು, ಮುಟ್ಟುವುದು ಬೇಡ. ವಿಷದ ಹಾವು ಮಕ್ಕಳ ಕ್ಲಾಸಿಗೆ ಬೇಡವೇ ಬೇಡ, ಎಷ್ಟೇ ಅನುಭವ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ವಿದೇಶಿ ಪ್ರಾಣಿಯನ್ನು ತೋರಿಸಿ ಅಲ್ಲಿಗೇ ನಿಲ್ಲಿಸಬೇಡಿ, ಅಲ್ಲಿಂದ ನಮ್ಮೂರಿಗೆ ಬನ್ನಿ. ಇಗ್ವಾನಾ ತೋರಿಸಿದರೆ ಉಡದ ಮಾತು ಬರಬೇಕು, ಮಾಂಸಕ್ಕೆ, ಎಣ್ಣೆಗೆ ಅಂತ ಅದನ್ನು ಹೊಡೆಯುವುದರ ಮಾತು ಬರಬೇಕು. ಬಾಲ್ ಪೈಥಾನ್ ಆದಮೇಲೆ ನಮ್ಮ ಹೆಬ್ಬಾವು, ಎರಡು ತಲೆ ಹಾವು ಅಂತ ಲಕ್ಷಗಟ್ಟಲೆ ರೇಟು ಹೇಳಿ ಕದ್ದು ಮಾರುವ ಮಣ್ಣುಮುಕ್ಕ ಹಾವು. ಕಿವಿ ಹತ್ತಿರ ಕೆಂಪು ಪಟ್ಟೆ ಇರುವ ಅಮೆರಿಕದ ಆಮೆಯನ್ನು ಎಷ್ಟೋ ಮನೆಯ ಅಕ್ವೇರಿಯಂನಲ್ಲಿ ಇಟ್ಟಿರುತ್ತಾರೆ, ತಂದಾಗ ಬಿಲ್ಲೆಯಷ್ಟು, ಬೆಳೆದರೆ ತಟ್ಟೆಯಷ್ಟು. ದೊಡ್ಡದಾದ ಮೇಲೆ ಪುಣ್ಯ ಬರುತ್ತೆ ಅಂತ ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ನಮ್ಮ ಕೆರೆ ಆಮೆಯ ಊಟ, ಜಾಗ ಎರಡಕ್ಕೂ ಕೈ ಹಾಕುತ್ತದೆ. ಈ ಒಂದು ಕಥೆ ಹೇಳಿದ ಮೇಲೆ ಎರಡು ಮೂರು ಮಕ್ಕಳಾದರೂ ಹತ್ತಿರ ಬಂದು, ನಮ್ಮ ಮನೇಲೂ ಇದೆ, ಏನು ಮಾಡೋದು ಅಂತ ಮೆಲ್ಲಗೆ ಕೇಳುತ್ತವೆ.

ಕ್ಲಾಸು ಮುಗಿದ ಮೇಲೆ ಬರುವ ಪ್ರಶ್ನೆಗಳನ್ನು ಬರೆದಿಡಿ. "ಇದಕ್ಕೆ ಎಷ್ಟು ರೇಟು, ಎಲ್ಲಿ ಸಿಗುತ್ತೆ?" ಅಂತ ಬಂದರೆ ನಿಮ್ಮ ಪಾಠದಲ್ಲಿ ಏನೋ ತಪ್ಪಿದೆ. "ರಾತ್ರಿ ಏನು ಮಾಡುತ್ತೆ? ಒಂದೇ ಇದೆಯಲ್ಲ, ಬೇಜಾರಾಗಲ್ವಾ?" ಅಂತ ಬಂದರೆ ಸರಿದಾರಿಯಲ್ಲಿದ್ದೀರಿ. ಕೊರಳಿಗೆ ಹಾವು ಸುತ್ತಿಕೊಂಡ ರೀಲ್ಸ್ ಹಾಕಬಾರದು ಅನ್ನುವುದೂ ಇದಕ್ಕೇ. ಅದರ ಕೆಳಗೆ ಬರುವ ಕಾಮೆಂಟ್ ಬರೀ ರೇಟಿನದ್ದು.

ಹೊಟ್ಟೆಪಾಡು

ಮೊದಲ ವರ್ಷಗಳಲ್ಲಿ ನನಗೆ ಸಿಗುತ್ತಿದ್ದುದು ಬಸ್ ಚಾರ್ಜು, ಮಧ್ಯಾಹ್ನದ ಊಟ, ಕೆಲವು ಕಡೆ ಒಂದು ಶಾಲು. ಇದರಿಂದ ಮನೆ ನಡೆಯುವುದಿಲ್ಲ, ಹಾಗಾಗಿ ಇರುವ ಕೆಲಸ ತಟ್ಟನೆ ಬಿಡಬೇಡಿ. ಆಮೇಲೆ ನಾಲ್ಕೈದು ಕಡೆಯಿಂದ ಸ್ವಲ್ಪ ಸ್ವಲ್ಪ ಬರಲು ಶುರುವಾಗುತ್ತದೆ. ಖಾಸಗಿ ಶಾಲೆಗಳು ನೇಚರ್ ಕ್ಲಬ್ ನಡೆಸಲು ತಿಂಗಳ ಲೆಕ್ಕದಲ್ಲಿ ಕೊಡುತ್ತವೆ. ಬೇಸಿಗೆ ಶಿಬಿರಗಳಿವೆ. ಕಾಡಂಚಿನ ರೆಸಾರ್ಟುಗಳಿಗೆ ಕಾಡು ತೋರಿಸಿ ವಿವರಿಸುವ ನ್ಯಾಚುರಲಿಸ್ಟ್ ಬೇಕು, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಇದಕ್ಕೆ ತರಬೇತಿಯನ್ನೂ ಕೊಡುತ್ತಾರೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರ ವೈಲ್ಡ್ ಶಾಲೆ ಕಾರ್ಯಕ್ರಮ ಕಾಡಿನ ಪಕ್ಕದ ಹಳ್ಳಿ ಶಾಲೆಗಳಲ್ಲಿ ನಡೆಯುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರ ಅರ್ಲಿ ಬರ್ಡ್ ಮಕ್ಕಳಿಗೆ ಹಕ್ಕಿಗಳನ್ನು ಪರಿಚಯಿಸುತ್ತದೆ. ಇಂಥ ಕಡೆ ಕನ್ನಡದಲ್ಲಿ ಸಲೀಸಾಗಿ ಮಾತಾಡುವ, ಬರೆಯುವ ಜನ ಬೇಕೇ ಬೇಕು.

ಕನ್ನಡವೇ ನಿಮ್ಮ ಬಂಡವಾಳ ಅಂತ ನಾನು ಹೇಳುವುದು ಸುಮ್ನೆ ಅಲ್ಲ. ಇಂಗ್ಲಿಷಿನಲ್ಲಿ ಪ್ರಾಣಿಗಳ ಬಗ್ಗೆ ಚೆಂದದ ವಿಡಿಯೋ, ಪುಸ್ತಕ ರಾಶಿ ಬಿದ್ದಿವೆ. ಸಿಂಧನೂರಿನ ಏಳನೇ ಕ್ಲಾಸಿನ ಹುಡುಗನಿಗೆ ಅವನ ಮಾತಿನಲ್ಲಿ ಹೇಳುವವರು ಕಡಿಮೆ. ಒಂದೇ ಹಾವಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಹೋದ ಊರಿನಲ್ಲೆಲ್ಲ ಅಜ್ಜ ಅಜ್ಜಿಯರ ಹತ್ತಿರ ಕೂತು ಆ ಹೆಸರು ಬರೆದುಕೊಳ್ಳಿ. ಹಿಂದಿನ ರಾತ್ರಿ ಕಲಿತ ಆ ಒಂದು ಹೆಸರನ್ನು ಬೆಳಿಗ್ಗೆ ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ನಿಮ್ಮವರಾಗಿಬಿಡುತ್ತಾರೆ.

ಪ್ರಾಣಿ ತರುವ ಮೊದಲು ಇನ್ನೊಂದು ಲೆಕ್ಕ ಹಾಕಿ, ವರ್ಷದ ಲೆಕ್ಕ. ಮಕಾವ್ 50 ವರ್ಷ ಬದುಕಬಹುದು. ಸುಲ್ಕಾಟಾ 70 ವರ್ಷ ದಾಟಬಹುದು, 40 ಕಿಲೋ ಮೀರಿ ತೂಗಬಹುದು. ನನ್ನ ವಯಸ್ಸಿಗೆ ಅದು ನನಗಿಂತ ಹೆಚ್ಚು ದಿನ ಇರುತ್ತದೆ ಅನ್ನುವುದು ಗೊತ್ತೇ ಇದೆ. ನನ್ನ ನಂತರ ಯಾರು ಅಂತ ಮನೆಯಲ್ಲಿ ಕೂತು ಮಾತಾಡಿದೆವು. ನನ್ನ ಅಕ್ಕನ ಮಗ ಒಪ್ಪಿಕೊಂಡಿದ್ದಾನೆ, ಅದನ್ನು ಒಂದು ಹಾಳೆಯಲ್ಲಿ ಬರೆದು ಅವನ ಸಹಿ ಹಾಕಿಸಿ ನೋಂದಣಿ ಕಾಗದದ ಜೊತೆ ಇಟ್ಟಿದ್ದೇನೆ. ಈಗ ಅವನು ಪಿಯುಸಿ. ಭಾನುವಾರ ಬೆಳಿಗ್ಗೆ ಬಂದು ಆಮೆಗೆ ಹುಲ್ಲು ಕೊಯ್ದು ಹಾಕುತ್ತಾನೆ, ತಕ್ಕಡಿ ಮೇಲೆ ಇಟ್ಟು ತೂಕ ಬರೆಯುತ್ತಾನೆ. ಹೋದ ವಾರ ನಾನು ಬಾಳೆಹಣ್ಣಿನ ಚೂರು ಕೊಡಲು ಹೋದೆ. ಮಾಮ, ಅದಕ್ಕೆ ಹಣ್ಣು ಜಾಸ್ತಿ ಆಗಬಾರದು ಅಂತ ನೀನೇ ಬರೆದಿದ್ದೀಯ ಅಂತ ನೋಟ್‌ಬುಕ್ ತೆಗೆದು ತೋರಿಸಿದ.